ಕೊಡ್ಡಾಯಿಯ ಕಿವಿಗಲ್ಲು

ಮೀನಿಗೆ ದಾರಿ ಹೇಳಿಕೊಡುವವರು ಯಾರು? ಹಿಂದೆಲ್ಲ ಹೀಗೆ ಕೇಳಿದವನಿಗೆ ತಲೆ ಕೆಟ್ಟಿದೆ ಎಂದು ಮಡಿಕೋಡಿಯ ಜನ ನಗುತ್ತಿದ್ದರು. ನೀರಲ್ಲೇ ಹುಟ್ಟಿ ನೀರಲ್ಲೇ ಸಾಯುವ ಪ್ರಾಣಿಗೆ ದಾರಿ ಬೇರೆ ಹೇಳಬೇಕೇ? ಆದರೆ ಹೊಳೆ ಕಡಲನ್ನು ಸೇರುವ ಅಲ್ಲಿನ ಅಳಿವೆಗೆ ಕೊಡ್ಡಾಯಿ ಮೀನು ಬರುವುದು ನಿಂತು ಒಂದು ತಲೆಮಾರೇ ಕಳೆದ ಮೇಲೆ ಯಾರೂ ನಗುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕಲೆಂದೇ ಸರ್ಕಾರ ಅಳಿವೆಯ ದಡದಲ್ಲಿ ಮೂರು ಮಹಡಿಯ ಸಂಶೋಧನಾ ಕೇಂದ್ರ ಕಟ್ಟಿತ್ತು. ಅದರ ಉದ್ದನೆಯ ಹೆಸರು ಫಲಕದ ಮೇಲೆ ಮಾತ್ರ ಇತ್ತು. ಊರವರ ಬಾಯಲ್ಲಿ ಅದು ಮೀನ್ ಆಫೀಸು.

ಆ ಆಫೀಸಿನ ನಿಯಂತ್ರಣ ಕೊಠಡಿಯಲ್ಲಿ ಕೂತು ನಿಶ್ಮಿತಾ ಹನ್ನೆರಡು ಅಜ್ಜಂದಿರ ಮೇಲೆ ಕಣ್ಣಿಟ್ಟಿದ್ದಳು. ಅಜ್ಜಂದಿರೆಂದರೆ ಮನುಷ್ಯರಲ್ಲ, ಆಳುದ್ದದ ಯಂತ್ರಮೀನುಗಳು. ರಬ್ಬರಿನ ಮೈ, ಬಾಲವಾಡಿಸಲು ಮೋಟಾರು, ಹೊಟ್ಟೆಯೊಳಗೊಂದು ಸ್ಪೀಕರು. ಕೊಡ್ಡಾಯಿ ಸದ್ದು ಮಾಡುವ ಮೀನು. ತನ್ನ ಗಾಳಿಚೀಲವನ್ನು ತಾನೇ ಬಡಿದು ಡುಗ್ ಡುಗ್ ಎಂದು ಡೋಲು ಬಾರಿಸುತ್ತದೆ. ಅಜ್ಜಂದಿರು ಹಾಗೆಯೇ ಡೋಲು ಬಾರಿಸುತ್ತಾ ಮುಂದೆ ಹೋಗುತ್ತಿದ್ದರೆ, ಕೇಂದ್ರದ ತೊಟ್ಟಿಗಳಲ್ಲಿ ಮೊಟ್ಟೆಯಿಂದ ಬೆಳೆಸಿ ಕಡಲಿಗೆ ಬಿಟ್ಟ ಎಳೆಯ ಕೊಡ್ಡಾಯಿಗಳ ದೊಡ್ಡ ಹಿಂಡು ಅವರ ಬೆನ್ನು ಹಿಡಿದಿತ್ತು. ಪರದೆಯ ಮೇಲೆ ಅದು ಮೆಲ್ಲಗೆ ಸರಿಯುವ ಹಳದಿ ಮೋಡದಂತೆ ಕಾಣುತ್ತಿತ್ತು.

ಅಜ್ಜಂದಿರು ಯಾಕೆ ಬೇಕಾದರು ಎಂಬುದನ್ನೂ ಹೇಳಬೇಕು. ಕಡಲಿನ ಮೀನು ಒಂದೇ ದಿನ ಮುಗಿದದ್ದಲ್ಲ, ಒಬ್ಬರೇ ಮುಗಿಸಿದ್ದೂ ಅಲ್ಲ. ಮೊದಲು ದೊಡ್ಡವು ಹೋದವು, ಏಕೆಂದರೆ ಅವುಗಳ ಗಾಳಿಚೀಲಕ್ಕೆ ಹೊರದೇಶದಲ್ಲಿ ಬಂಗಾರದ ಬೆಲೆ ಬಂದಿತ್ತು. ಆಮೇಲೆ ಬೋಟುಗಳು ನೀರಿಗೆ ದೀಪ ಇಳಿಸಿ, ಬೆಳಕಿಗೆ ಮುತ್ತಿದ್ದನ್ನೆಲ್ಲ ಬಾಚಿದವು. ವರ್ಷ ವರ್ಷವೂ ಬಲೆಯ ಕಣ್ಣು ಸಣ್ಣದಾಯಿತು. ಬೆರಳುದ್ದದ ಮರಿಗಳನ್ನು ತಿನ್ನುವವರಿಲ್ಲ, ಆದರೆ ಅರೆದು ಕೋಳಿಗೆ ಹಾಕುವ ಮೀನುಹಿಟ್ಟಿನ ಕಾರ್ಖಾನೆಗಳು ಲಾರಿಗಟ್ಟಲೆ ಕೊಂಡವು. ನಾನು ಬಿಟ್ಟರೆ ಪಕ್ಕದ ಬೋಟಿನವನು ಹಿಡಿಯುತ್ತಾನೆ ಎಂದು ಪ್ರತಿಯೊಬ್ಬನೂ ಅಂದುಕೊಂಡ. ಅಂದುಕೊಂಡದ್ದು ನಿಜವೂ ಆಗಿತ್ತು, ಗ್ರಹಚಾರವೆಂದರೆ ಅದೇ. ನಿಶ್ಮಿತಾಳ ಅಪ್ಪಯ್ಯನೂ ಅಂಥ ಬೋಟಿನಲ್ಲೇ ದುಡಿದವರು. ಕೊನೆಗೆ ಐಸ್ ಪ್ಲಾಂಟುಗಳು ಮುಚ್ಚಿದವು, ಬೋಟುಗಳು ಲಂಗರು ಹಾಕುವ ದಕ್ಕೆಯಲ್ಲೇ ಕೊಳೆತವು. ಮೀನು ಮಾರುತ್ತಿದ್ದ ಹೆಂಗಸರು ಎಲ್ಲಿಂದಲೋ ಲಾರಿಯಲ್ಲಿ ಬಂದ ಐಸ್ ಮೀನನ್ನು ಬುಟ್ಟಿಗೆ ತುಂಬಿಕೊಂಡು, ಕಡಲ ದಡದ ಊರಿಗೇ ಮಾರತೊಡಗಿದರು.

ಎಳೆಯ ಮೀನು ಹಿರಿಯ ಮೀನಿನ ಬೆನ್ನು ಹಿಡಿದು ದಾರಿ ಕಲಿಯುತ್ತದೆ. ಯಾವ ಅಳಿವೆಯಲ್ಲಿ ಮೊಟ್ಟೆಯಿಡಬೇಕು, ಯಾವಾಗ ಹೋಗಬೇಕು ಎಂಬುದೆಲ್ಲ ಹಿರಿಯರ ಸೊತ್ತು. ಆ ಹಿರಿಯರನ್ನೇ ಬಲೆ ಒಯ್ದ ಮೇಲೆ ಉಳಿದವು ದಾರಿ ತಿಳಿಯದೆ ತೆರೆದ ಕಡಲಲ್ಲಿ ಸುತ್ತಿ ಸುತ್ತಿ ಮುಗಿದವು. ಕೇಂದ್ರದವರು ದೂರದ ಒಂದು ದ್ವೀಪದ ಬಳಿ ಸಿಕ್ಕ ಕೆಲವು ತಾಯಿಮೀನುಗಳಿಂದ ಮರಿ ಮಾಡಿಸಿದರು, ಅಜ್ಜಂದಿರನ್ನೂ ಮಾಡಿದರು. ಆದರೆ ಅಜ್ಜಂದಿರಿಗೆ ದಾರಿ ಹೇಳುವುದು ಯಾರು?

ಅದಕ್ಕೆ ಉತ್ತರ ಮಡಿಕೋಡಿಯವರ ಕೊರಳಲ್ಲಿತ್ತು. ಕೊಡ್ಡಾಯಿಯ ತಲೆಯೊಳಗೆ, ಕಿವಿಯ ಜಾಗದಲ್ಲಿ, ಎರಡು ಬಿಳಿ ಕಲ್ಲುಗಳಿರುತ್ತವೆ. ಊರಲ್ಲಿ ಮಗುವಿಗೆ ಹೆಸರಿಡುವ ದಿನ ಅಪ್ಪನಾದವನು ಸಿಕ್ಕವುಗಳಲ್ಲೇ ದೊಡ್ಡ ಕೊಡ್ಡಾಯಿ ತಂದು, ಒಂದು ಕಲ್ಲನ್ನು ಕಡಲಿಗೆ ಹಾಕಿ, ಇನ್ನೊಂದನ್ನು ಕರಿದಾರದಲ್ಲಿ ಹಿರಿಯರ ಕೈಯಿಂದ ಮಗುವಿನ ಕೊರಳಿಗೆ ಕಟ್ಟಿಸುತ್ತಾನೆ. ಮೀನಿಗೆ ಗೊತ್ತಿರುವ ದಾರಿಯೆಲ್ಲ ಆ ಕಲ್ಲಿನಲ್ಲಿದೆ ಎಂದು ನಂಬಿಕೆ. ಸತ್ತಾಗ ಕಲ್ಲೂ ಕೊರಳಲ್ಲೇ ಚಿತೆಗೆ ಹೋಗಬೇಕು. ಕಲ್ಲಿದ್ದವರು ತಪ್ಪದೆ ಆಚೆ ದಡ ಸೇರುತ್ತಾರೆ, ಇಲ್ಲದವರು ನಡುಗಡಲಲ್ಲಿ ಅಲೆಯುತ್ತಾರೆ.

ತಮಾಷೆಯೆಂದರೆ ವಿಜ್ಞಾನವೂ ಅರ್ಧಕ್ಕರ್ಧ ಅದನ್ನೇ ಹೇಳುತ್ತಿತ್ತು. ಮರದೊಳಗೆ ವರ್ಷಕ್ಕೊಂದು ಬಳೆ ಮೂಡುವಂತೆ ಕಿವಿಗಲ್ಲಿನಲ್ಲೂ ಪದರಗಳು ಬೆಳೆಯುತ್ತವೆ. ಮೀನು ಈಜಿದ ನೀರಿನ ಬಿಸಿ, ಉಪ್ಪು, ಖನಿಜ ಎಲ್ಲ ಪದರ ಪದರವಾಗಿ ಅದರಲ್ಲಿ ಕೂತಿರುತ್ತದೆ. ಕಲ್ಲನ್ನು ತೆಳ್ಳಗೆ ಕೊಯ್ದು ಲೇಸರಿನಿಂದ ಸುಟ್ಟು ನೋಡಿದರೆ ಆ ಮೀನು ಹುಟ್ಟಿದಲ್ಲಿಂದ ಸಾಯುವವರೆಗೆ ಎಲ್ಲೆಲ್ಲಿ ಹೋಗಿತ್ತೆಂದು ಓದಬಹುದು. ಓದಿದ ಮೇಲೆ ಕಲ್ಲು ಉಳಿಯುವುದಿಲ್ಲ, ಅಷ್ಟೇ.

ಕೇಂದ್ರದವರು ಕೇಳಿದಾಗ ಊರಿನ ಮುದುಕರು ಕೊರಳಿಗೆ ಕೈ ಅಡ್ಡ ಇಟ್ಟುಕೊಂಡು ಆಗದು ಎಂದರು. ನಂಬಿಕೆಯಿಲ್ಲದ ಚಿಕ್ಕಪ್ರಾಯದವರು ಸುಲಭವಾಗಿ ಬಿಚ್ಚಿಕೊಟ್ಟರು. ಎಲ್ಲರಿಗಿಂತ ಮೊದಲು ಬಿಚ್ಚಿದವಳು ನಿಶ್ಮಿತಾ. ಹಾಗೆ ಸಿಕ್ಕ ಕಲ್ಲುಗಳನ್ನು ಓದಿ ಕಂಪ್ಯೂಟರು ಸರಾಸರಿ ತೆಗೆದು ಒಂದು ದಾರಿ ಗೀಚಿತು. ಆ ದಾರಿಯಲ್ಲಿ ಎರಡು ಹಿಂಡು ಆಗಲೇ ಹೋಗಿತ್ತು. ಎರಡೂ ಪಡುಗಡಲಲ್ಲಿ ಉತ್ತರಕ್ಕೆ ತಿರುಗಿ, ದೂರದ ನೀರಿನಲ್ಲಿ ಚದುರಿ, ಯಾರದೋ ಬಲೆಗೆ ಬಿದ್ದು ಮುಗಿದವು. ಈಗಿನದು ಮೂರನೆಯದು, ಕೊನೆಯದು. ತಾಯಿಮೀನುಗಳು ಸತ್ತಿದ್ದವು. ಇದೂ ಹೋದರೆ ಮತ್ತೊಂದು ಹಿಂಡಿಗೆ ಬೀಜವೇ ಇರಲಿಲ್ಲ.

"ಇನ್ನೊಂದು ವಾರದಲ್ಲಿ ಉತ್ತರಕ್ಕೆ ತಿರುಗೋ ಜಾಗ ಬತ್ತದೆ ಕಣಮ್ಮ," ಎಂದರು ಕೇಂದ್ರದ ಮುಖ್ಯಸ್ಥ ಚಿಕ್ಕೇಗೌಡರು. ಮಂಡ್ಯ ಕಡೆಯವರು. ಕೆರೆ ಮೀನು ತಿಂದು ಬೆಳೆದು, ಕಡಲ ಮೀನಿನ ಮೇಲೆ ಡಾಕ್ಟರೇಟು ಮಾಡಿದ್ದರು. "ನನಗ್ಯಾಕೋ ಎದೆ ಢವಢವ ಅಂತದೆ. ಆ ಕಲ್ಲುಗಳ ಲೆಕ್ಕಾನ ಇನ್ನೊಂದ್ಸಲ ನೋಡು."

ನಿಶ್ಮಿತಾ ನೋಡಿದಳು. ಸರಾಸರಿಯನ್ನು ಬಿಟ್ಟು ಒಂದೊಂದೇ ಕಲ್ಲಿನ ಹೊರಪದರದ ದಾಖಲೆ ತೆಗೆದಳು, ಮೊದಲು ತನ್ನದೇ ಕಲ್ಲಿನದು. ಮಡಿಕೋಡಿಯ ಹೊಳೆ ಮುರಕಲ್ಲಿನ ಕೆಂಪು ನೆಲ ತೊಳೆದುಕೊಂಡು ಬರುತ್ತದೆ, ಮಳೆಗಾಲದಲ್ಲಿ ಅದರ ನೀರು ಕೆಂಪು. ಇಲ್ಲಿಗೆ ಬಂದುಹೋದ ಮೀನಿನ ಕಲ್ಲಿನಲ್ಲಿ ಆ ಕೆಂಪಿನ ಕಬ್ಬಿಣ ಇರಲೇಬೇಕು. ಇರಲಿಲ್ಲ. ಇನ್ನೊಂದು ಕಲ್ಲಿನಲ್ಲೂ ಇಲ್ಲ, ಮತ್ತೊಂದರಲ್ಲೂ ಇಲ್ಲ. ಈ ಮೀನುಗಳು ನಮ್ಮ ಹೊಳೆಯ ನೀರನ್ನು ಮೂಸಿಯೇ ನೋಡಿಲ್ಲ ಎಂದು ಅವಳಿಗೆ ಹೊಳೆಯಿತು. ಕಲ್ಲು ಊರವರ ಕೊರಳಿಂದ ಬಂದದ್ದು, ಆದ್ದರಿಂದ ಮೀನೂ ಊರಿನದೇ ಎಂದು ಎಲ್ಲರೂ ನಂಬಿಬಿಟ್ಟಿದ್ದರು.

ಸಂಜೆ ಮನೆಗೆ ಹೋದಾಗ ಅವಳ ಅಮ್ಮ ವನಜಕ್ಕ ಜಗಲಿಯ ಚಿಟ್ಟೆಯ ಮೇಲೆ ಕೂತು ಒಣಸಿಗಡಿ ಆರಿಸುತ್ತಿದ್ದಳು. ಎಪ್ಪತ್ತು ದಾಟಿದ ಹೆಂಗಸು. ಈ ಮಳೆಗಾಲ ದಾಟುವುದಿಲ್ಲ ಎಂದು ಪ್ರತಿ ಮಳೆಗಾಲವೂ ಹೇಳುತ್ತಾ, ದಾಟುತ್ತಾ ಬಂದವಳು. ಈ ಸಲ ಮಾತ್ರ ಎದೆನೋವು ನಿಜವಾಗಿತ್ತು, ಕುಂದಾಪುರದ ಡಾಕ್ಟರು ಹೆಚ್ಚು ಮಾತಾಡದೆ ಮಾತ್ರೆ ಬರೆದುಕೊಟ್ಟಿದ್ದರು.

"ಅಮ್ಮ, ನನ್ನ ಕಲ್ಲಿನ ಮೀನ್ ಎಲ್ಲಿದ್ದ್?"

ವನಜಕ್ಕ ತಲೆಯೆತ್ತಲಿಲ್ಲ. "ಲಾರಿಯದ್ದ್."

"ಯಾವ ಲಾರಿ?"

"ಗುಜರಾತಿನ ಐಸ್ ಲಾರಿ. ನೀ ಹುಟ್ಟಿದ್ ವರ್ಷ ನಮ್ಮ ಕಡ್ಲಗೆ ಎಂತ ಇದ್ದಿತ್ತ್, ಮಣ್ಣಂಗಟ್ಟಿ? ನಿನ್ನ ಅಪ್ಪಯ್ಯ ನಾಕ್ ದಿನ ಹೋಯಿ ಬರಿಗೈಯಗೆ ಬಂದ್ರ್. ಹೆಸ್ರಿಡುಕೆ ಜನ ಬಂದ್ ಕೂತೀರ್. ನಾನೇ ಲಾರಿಯಂಗಿದ್ದ್ ದೊಡ್ಡ ಮೀನ್ ತಂದ್, ಇವ್ರೇ ಹಿಡ್ದದ್ದ್ ಅಂದೆ. ಗಂಡ್ಸಿಗೆ ಮರ್ಯಾದಿ ಬ್ಯಾಡ್ದಾ?"

"ನಮ್ದ್ ಮಾತ್ರವಾ?"

"ಎಲ್ಲರದ್ದೂ. ಯಾರೂ ಯಾರಿಗೂ ಹೇಳೂಕಿಲ್ಲೆ, ಅಷ್ಟೇ." ವನಜಕ್ಕ ಒಂದು ಸಿಗಡಿಯ ತಲೆ ಮುರಿದು ಬಿಸಾಡಿ ನಕ್ಕಳು. "ನೀ ಸತ್ರೆ ಸೀದ ಗುಜರಾತಿಗೆ ಹೋಪವಳ್."

ನಿಶ್ಮಿತಾಳಿಗೆ ನಗು ಬರಲಿಲ್ಲ. ಎರಡು ಹಿಂಡು ಗುಜರಾತಿಗೆ ಹೋಗಿದ್ದು ಅದಕ್ಕೇ. ಅಪ್ಪಂದಿರ ಮರ್ಯಾದೆ ಉಳಿಸಲು ಅಮ್ಮಂದಿರು ಹೇಳಿದ ಒಂದು ಸಣ್ಣ ಸುಳ್ಳನ್ನು ಅಜ್ಜಂದಿರು ಚಾಚೂ ತಪ್ಪದೆ ಪಾಲಿಸಿದ್ದರು. ನಿಜವಾದ ದಾರಿ ಇದ್ದದ್ದು ಕೊಡಲಾರೆ ಎಂದ ಮುದುಕರ ಕೊರಳಲ್ಲಿ. ಅಮ್ಮನ ಕುತ್ತಿಗೆಯಲ್ಲಿ, ಮಾಸಿದ ಕರಿದಾರದಲ್ಲಿ, ಹೆಬ್ಬೆರಳಿನುಗುರಿನಷ್ಟು ದೊಡ್ಡ ಕಲ್ಲು ಹೊಳೆಯುತ್ತಿತ್ತು. ಅವಳು ಅದನ್ನೇ ನೋಡಿದಳು.

ವನಜಕ್ಕ ಮಗಳ ಕಣ್ಣು ಎಲ್ಲಿದೆಯೆಂದು ಕಂಡಳು. "ಅದ್ ಆಪ್ದಲ್ಲ ಮಗಾ," ಎಂದಳು ಮೆತ್ತಗೆ. "ನಿನ್ನ ಅಪ್ಪಯ್ಯ ಕಲ್ಲ್ ಕಟ್ಕಂಡೇ ಹೋದ್ರ್. ಆಚೆ ದಡದಗೆ ನನ್ನ ಕಾಯ್ತಾ ಇರ್ತ್ರ್. ಇದಿಲ್ದೆ ನಾ ಹ್ಯಾಂಗೆ ಹೋಪ್ದ್?"

ನಿಶ್ಮಿತಾ ಅಮ್ಮನ ಪಕ್ಕ ಕೂತು ಸಿಗಡಿ ಆರಿಸತೊಡಗಿದಳು.

ಮರುದಿನ ನೆರೆಮನೆಯಲ್ಲಿ ಮಗುವಿಗೆ ಹೆಸರಿಡುವ ಕಾರ್ಯವಿತ್ತು. ಊರಿನ ಹಿರಿಯಳೆಂದು ವನಜಕ್ಕನ ಕೈಯಲ್ಲಿ ಕಲ್ಲು ಕಟ್ಟಿಸುವುದು ವಾಡಿಕೆ. ಮಧ್ಯಾಹ್ನ ಚಿಕ್ಕೇಗೌಡರು ಮತ್ತು ನಿಶ್ಮಿತಾ ಪರದೆಯ ಮುಂದೆ ತಲೆ ಕೆಡಿಸಿಕೊಂಡಿದ್ದಾಗ ಬಾಗಿಲಲ್ಲಿ ಒಂದು ರಿಕ್ಷಾ ನಿಂತಿತು. ವನಜಕ್ಕ ಮೆಟ್ಟಿಲು ಮೆಟ್ಟಿಲಿಗೂ ನಿಂತು ಉಸಿರು ತೆಗೆದುಕೊಂಡು ಮೇಲೆ ಬಂದಳು. ಮದುವೆಗೆ ಉಡುವ ಸೀರೆ ಉಟ್ಟಿದ್ದಳು.

"ಅಲ್ಲಿ ನನ್ನ ಕೈಯಗೆ ಎಂತ ಕೊಟ್ರ್ ಗೊತ್ತಿತ್ತಾ?" ಎಂದು ಕೇಳಿದಳು. "ಪ್ಲಾಸ್ಟಿಕ್. ಮಂಗ್ಳೂರಂಗೆ ಅಂಗಡಿಯಗೆ ಸಿಕ್ಕುತ್ತಂಬ್ರ್. ಲಾರಿ ಮೀನೂ ಇಲ್ಲೆ ಈಗ. ಕಟ್ದೆ, ಕಟ್ಟೂಕೆ ಕರ್ದದ್ದ್ ಅಲ್ದಾ. ಮಗು ನನ್ನ ಕಲ್ಲನ್ನೇ ಹಿಡ್ಕಂಡ್ ಬಿಡೂದೇ ಇಲ್ಲೆ." ಅವಳು ಕೊರಳಿನ ದಾರವನ್ನು ತಲೆಯ ಮೇಲಿಂದ ತೆಗೆದು ಮೇಜಿನ ಮೇಲಿಟ್ಟಳು. ಎಪ್ಪತ್ತು ವರ್ಷ ದಾರ ಕೂತಿದ್ದ ಜಾಗದಲ್ಲಿ ಕುತ್ತಿಗೆಯ ಚರ್ಮ ಬೆಳ್ಳಗಿತ್ತು. "ಅವ್ರ್ ಕಾಯ್ಲಿ. ಬೋಟಿಗೆ ಹೋದವ್ರನ್ನ ನಾ ಎಷ್ಟ್ ಕಾಯ್ಲಿಲ್ಲೆ?"

"ಅಮ್ಮಾವ್ರೇ, ಕೊಯ್ದ ಮೇಲೆ ಇದು ವಾಪಸ್ ಬರಲ್ಲ," ಎಂದರು ಚಿಕ್ಕೇಗೌಡರು.

"ಗೊತ್ತಿತ್ತ್. ಕೊಯ್ವತಿಗೆ ನಾ ಕಾಣ್ಕ್."

ಹಾಗಾಗಿ ಕೊಯ್ಯುವುದನ್ನು ನೋಡಲು ಅವಳಿಗೊಂದು ಕುರ್ಚಿ ಹಾಕಿದರು. ಕಲ್ಲನ್ನು ಕೊಯ್ದು ಕಾಗದಕ್ಕಿಂತ ತೆಳ್ಳಗೆ ಉಜ್ಜಿ ಬೆಳಕಿನ ಕೆಳಗೆ ಇಟ್ಟಾಗ, ದೊಡ್ಡ ಪರದೆಯ ತುಂಬ ಅದು ತೆರೆದುಕೊಂಡಿತು. ಒಂದರ ಸುತ್ತ ಒಂದರಂತೆ ಬಿಳಿ ಬಳೆ, ಕೆಂಪು ಬಳೆ, ಮತ್ತೆ ಬಿಳಿ, ಮತ್ತೆ ಕೆಂಪು. ಕೆಂಪು ಎಷ್ಟು ಸ್ಪಷ್ಟವಾಗಿತ್ತೆಂದರೆ ನಿಶ್ಮಿತಾಳ ಕಣ್ಣು ತುಂಬಿತು. ತನ್ನ ಊರಿನ ಹೊಳೆ, ತಾನು ಹುಟ್ಟುವ ಮೊದಲಿನ ಮಳೆಗಾಲಗಳ ನೀರು, ಒಂದು ಮೀನಿನ ಕಿವಿಯೊಳಗೆ ಇಷ್ಟು ಕಾಲ ಅಲುಗದೆ ಕೂತಿತ್ತು. ಎದೆಯ ಮೇಲೆ ಅದನ್ನಿಟ್ಟುಕೊಂಡು ಅಮ್ಮ ಊರೂರು ತಿರುಗಿ ಮೀನು ಮಾರಿದ್ದಳು.

"ಕೆಂಪ್ ಎಂತ?" ಎಂದಳು ವನಜಕ್ಕ.

"ನಮ್ಮ ಹೊಳಿ ನೀರ್. ಒಂದೊಂದ್ ಕೆಂಪೂ ಒಂದೊಂದ್ ಮಳೆಗಾಲ. ಈ ಮೀನ್ ಅಷ್ಟ್ ಸಲ ನಮ್ಮ ಅಳಿವಿಗೆ ಬಂದಿತ್ತ್."

ವನಜಕ್ಕ ಬೆರಳು ಮಡಚುತ್ತಾ ಎಣಿಸಿದಳು. ಹದಿನೆಂಟು. "ಹತ್ತೊಂಬತ್ತನೇ ಸಲ ಬಂದಾಗ ನಾ ಹುಟ್ಟಿದೆ ಅಂದ್ ಹಿಡ್ದ್ರಾ?" ಎಂದು ಕೇಳಿದಳು.

ಕಲ್ಲು ಇನ್ನೊಂದು ಸಂಗತಿಯನ್ನೂ ಹೇಳಿತು. ಪ್ರತಿ ಕೆಂಪು ಬಳೆಯ ಮುಂಚೆ ಕೂದಲೆಳೆಯಷ್ಟು ತೆಳುವಾದ, ಕನ್ನಡಿಯಂಥ ಪದರವಿತ್ತು. ಮೀನು ನಿಂತ ಪದರ. ದಡದಿಂದ ಒಂದಿಷ್ಟು ದೂರದಲ್ಲಿ ಅದು ಪ್ರತಿ ವರ್ಷ ಸುಮ್ಮನೆ ನಿಲ್ಲುತ್ತಿತ್ತು, ಹೊಳೆಯ ಕೆಂಪು ನೀರು ಕಡಲಿಗಿಳಿಯುವವರೆಗೆ. ಆಮೇಲೇ ಒಳಗೆ ಬರುತ್ತಿತ್ತು. ಅಜ್ಜಂದಿರಿಗೆ ಈಜುವುದನ್ನು ಕಲಿಸಿದ್ದರು, ಡೋಲು ಬಾರಿಸುವುದನ್ನು ಕಲಿಸಿದ್ದರು. ನಿಲ್ಲುವುದನ್ನು ಯಾರೂ ಕಲಿಸಿರಲಿಲ್ಲ.

ಹಿಂಡು ತಿರುಗುವ ಜಾಗ ಬಂದಾಗ ಅಜ್ಜಂದಿರು ಉತ್ತರಕ್ಕೆ ಹೋಗಲಿಲ್ಲ. ಮೂಡಣಕ್ಕೆ, ಮಡಿಕೋಡಿಯತ್ತ ಮುಖ ಮಾಡಿದರು. ಹಳದಿ ಮೋಡ ಒಮ್ಮೆ ಅತ್ತಿತ್ತ ಹೊಯ್ದಾಡಿ, ಅವರ ಹಿಂದೆಯೇ ಬಂತು. ಕಲ್ಲು ತೋರಿಸಿದ ಜಾಗದಲ್ಲಿ ಅಜ್ಜಂದಿರು ನಿಂತರು, ಹಿಂಡೂ ನಿಂತಿತು. ಮುಂಗಾರು ತಡವಾಗಿತ್ತು. ಬಿಸಿಲು ಹಾಗೇ ಸುಡುತ್ತಿತ್ತು, ಅಜ್ಜಂದಿರ ಬ್ಯಾಟರಿ ದಿನದಿನಕ್ಕೂ ಇಳಿಯುತ್ತಿತ್ತು, ಹಿಂಡಿನ ಅಂಚುಗಳು ಸಡಿಲವಾಗಿ ಅಲ್ಲೊಂದು ಇಲ್ಲೊಂದು ಮೀನು ಕಳಚಿಕೊಳ್ಳುತ್ತಿತ್ತು. ಬ್ಯಾಟರಿ ಮುಗಿಯುವುದರೊಳಗೆ ಅವನ್ನು ದಡಕ್ಕೆ ಕರೆದುಕೊಂಡು ಬಂದುಬಿಡೋಣ ಎಂದು ಚಿಕ್ಕೇಗೌಡರು ಎರಡು ಸಲ ಹೇಳಿದರು. ನಿಶ್ಮಿತಾ ಬೇಡ ಎಂದಳು. ಮನಸ್ಸಿನಲ್ಲಿ ಅವಳಿಗೂ ಭಯವಿತ್ತು. ಅಮ್ಮನ ಕಲ್ಲು ಪುಡಿಯಾಗಿ ಹೋಗಿತ್ತು, ಇದೂ ತಪ್ಪಾದರೆ ಯಾವ ಮುಖ ಹೊತ್ತು ಮನೆಗೆ ಹೋಗುವುದು?

ಕೊನೆಗೂ ಘಟ್ಟದ ಮೇಲೆ ಮಳೆ ಹೊಯ್ಯಿತು. ಹೊಳೆ ತುಂಬಿತು. ಉಪಗ್ರಹದ ಚಿತ್ರದಲ್ಲಿ ಅಳಿವೆಯಿಂದ ಹೊರಟ ಕೆಂಪು ನೀರು ನೀಲಿ ಕಡಲಿನೊಳಗೆ ಮೆಲ್ಲಗೆ ಹರಡಿಕೊಂಡಿತು. ಅಜ್ಜಂದಿರಿಗೆ ಹೊರಡಿ ಎಂದು ಆಜ್ಞೆ ಕೊಡಲು ನಿಶ್ಮಿತಾ ಕೈ ಎತ್ತಿದ್ದಳು.

ಅಷ್ಟರಲ್ಲಿ ಹಿಂಡು ತಾನೇ ಹೊರಟಿತು. ಕೆಂಪು ನೀರಿನ ಅಂಚು ತಾಕಿದ್ದೇ ತಡ, ಮೋಡ ಒಮ್ಮೆಲೆ ಬಿಗಿಯಾಯಿತು, ಉದ್ದವಾಯಿತು, ನಿಂತೇ ಇದ್ದ ಹನ್ನೆರಡು ಅಜ್ಜಂದಿರ ಎಡಬಲದಿಂದ ಹಾಯ್ದು ಮುಂದಕ್ಕೆ ನುಗ್ಗಿತು. ತೊಟ್ಟಿಯಲ್ಲಿ ಹುಟ್ಟಿದ ಮೀನುಗಳು. ಒಂದಕ್ಕೂ ಹೊಳೆಯೆಂದರೆ ಏನೆಂದು ಗೊತ್ತಿರಲಿಲ್ಲ. ದಾರಿಯನ್ನು ಅಳಿವೆಯ ಬಾಗಿಲವರೆಗೆ ತಂದುಕೊಟ್ಟದ್ದು ಕಲ್ಲು, ಅಲ್ಲಿಂದ ಮುಂದಿನದು ಅವುಗಳ ರಕ್ತದಲ್ಲೇ ಇತ್ತು. ಚಿಕ್ಕೇಗೌಡರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು.

ಬೆಳಿಗ್ಗೆ ಮಳೆ ನಿಂತು ಹೊಳವಾದಾಗ ಊರಿಗೆ ಊರೇ ಅಳಿವೆಯ ದಂಡೆಗೆ ಬಂದಿತ್ತು. ಯಾರೂ ಬಲೆ ತಂದಿರಲಿಲ್ಲ. ನೀರು ಕೆಂಪಗೆ, ಕದಡಿಕೊಂಡು ಇತ್ತು. ಮೇಲಿಂದ ಏನೂ ಕಾಣುತ್ತಿರಲಿಲ್ಲ. ನಿಶ್ಮಿತಾ ಅಮ್ಮನನ್ನು ಸಣ್ಣ ದೋಣಿಯೊಂದರಲ್ಲಿ ಕೂರಿಸಿಕೊಂಡು, ಅಲೆಯಿಲ್ಲದ ಒಳಮಗ್ಗುಲಿಗೆ ಹುಟ್ಟು ಹಾಕುತ್ತಾ ಹೋದಳು. ಅಲ್ಲಿ ದೋಣಿ ನಿಲ್ಲಿಸಿ, ಹುಟ್ಟನ್ನು ನೀರೊಳಗೆ ಇಳಿಬಿಟ್ಟು, ಅದರ ಹಿಡಿಗೆ ಕಿವಿಯಿಟ್ಟಳು.

ಮೊದಲು ಅದು ಸದ್ದು ಎಂದೇ ಅನ್ನಿಸಲಿಲ್ಲ. ಹಲ್ಲು ನಡುಗಿತು, ಎದೆಗೂಡು ನಡುಗಿತು. ಆಮೇಲೆ ದೋಣಿಯ ಹಲಗೆಗಳೇ ಗುನುಗತೊಡಗಿದವು. ನೀರಿನ ಕೆಳಗೆ ಸಾವಿರ ಡೋಲುಗಳು, ಹತ್ತು ಸಾವಿರ ಡೋಲುಗಳು. ಒಂದು ಮೂಲೆಯಿಂದ ಎದ್ದ ಬಡಿತವನ್ನು ಇನ್ನೊಂದು ಮೂಲೆ ಎತ್ತಿಕೊಳ್ಳುತ್ತಿತ್ತು, ಅಳಿವೆಯ ಈ ದಡದಿಂದ ಆ ದಡಕ್ಕೆ ಅದು ಉರುಳಿ ಉರುಳಿ ಹೋಗುತ್ತಿತ್ತು. ತೊಟ್ಟಿಯ ಒಂಟಿ ಮೀನುಗಳ ಗೊಣಗನ್ನು ಅವಳು ವರ್ಷಗಟ್ಟಲೆ ಅಳೆದಿದ್ದಳು. ಇದನ್ನು ಅಳೆಯಬೇಕೆಂದು ಕೂಡ ಅವಳಿಗೆ ತೋಚಲಿಲ್ಲ. ಕಡಲು ಇಷ್ಟು ದೊಡ್ಡದು ಎಂದು ಅವಳಿಗೆ ಅವತ್ತೇ ಗೊತ್ತಾದದ್ದು.

ಅವಳು ಹುಟ್ಟನ್ನು ಅಮ್ಮನ ಕೈಗೆ ಕೊಟ್ಟಳು. ವನಜಕ್ಕ ಸೆರಗು ಸರಿಸಿ ಕಿವಿಯಿಟ್ಟಳು. ಕಣ್ಣು ಮುಚ್ಚಿದಳು. ಬಹಳ ಹೊತ್ತು ಅಲುಗಲಿಲ್ಲ. ನಿಶ್ಮಿತಾ ಹೆದರಿ ಅಮ್ಮನ ಭುಜ ಮುಟ್ಟಿದಳು.

"ಅಮ್ಮ, ಮುಂಚೆ ಹೀಂಗೇ ಇದ್ದಿತ್ತಾ?"

"ನಂಗೆಂತ ಗೊತ್ತ್ ಮಗಾ?" ವನಜಕ್ಕ ಕಣ್ಣು ಬಿಡಲಿಲ್ಲ. "ನಾ ಬುದ್ಧಿ ತಿಳುವತಿಗೇ ಎಲ್ಲ ಮುಗೀತಾ ಬಂದಿತ್ತ್. ನಾನೂ ಕೇಂಬುದ್ ಇದೇ ಮೊದ್ಲ್."

ತಾನು ಕಳೆದುಕೊಂಡದ್ದನ್ನು ಮರಳಿ ಪಡೆಯಲು ಅಮ್ಮ ಕಲ್ಲು ಕೊಟ್ಟಳೆಂದು ನಿಶ್ಮಿತಾ ತಿಳಿದಿದ್ದಳು. ಅಮ್ಮ ಅದನ್ನು ಯಾವತ್ತೂ ಕಂಡಿರಲೇ ಇಲ್ಲ. ಯಾವತ್ತೂ ಕಾಣದ, ಕೇಳದ ಒಂದಕ್ಕೆ ತನ್ನ ಆಚೆ ದಡವನ್ನೇ ಬಿಟ್ಟುಕೊಟ್ಟಿದ್ದಳು.

"ನನ್ನ ಅಜ್ಜಯ್ಯ ಹೇಳ್ತಿದ್ರ್," ಎಂದಳು ವನಜಕ್ಕ. "ಕೊಡ್ಡಾಯಿ ಬಂದ್ರೆ ಸದ್ದಿಗೆ ದಡದಗೆ ನಿದ್ರಿ ಬತ್ತಿರ್ಲಿಲ್ಲೆ ಅಂದ್. ಅಜ್ಜಯ್ಯ ಬುರುಡಿ ಬಿಡ್ತ್ರ್ ಅಂದೇಳಿ ನಾವೆಲ್ಲ ಮಕ್ಕಳ್ ಬಿದ್ದ್ ಬಿದ್ದ್ ನೆಗಾಡ್ತಿತ್ತ್. ಪಾಪ, ಬೇಜಾರ್ ಮಾಡ್ಕಂಡ್ ಆಮೇಲೆ ಹೇಳೂದೇ ಬಿಟ್ರ್."

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಅವಳು ಹುಟ್ಟಿನಿಂದ ಕೈ ತೆಗೆಯಲಿಲ್ಲ.

"ಸುಳ್ಳ್ ಹೇಳಿರ್ಲಿಲ್ಲೆ ಅವ್ರ್," ಎಂದಳು.